ಡೋಣಿ ದಂಡೆಯ ಬಾವಿಗಳನ್ನು ಅಳೆದ ಬಗೆ

ಡೋಣಿ ನದಿಯ ನೀರು ಸವಳು ಎಂಬುದನ್ನು ವಿಜಯಪುರ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಅದರ ದಂಡೆಯ ಮೇಲಿರುವ ನಮ್ಮ ಊರಿನಲ್ಲಿ ಒಂದು ಬಾವಿಯ ನೀರು ಕುಡಿಯಲು ಬರುತ್ತಿತ್ತು, ಕೂಗಳತೆಯಲ್ಲಿದ್ದ ಇನ್ನೊಂದು ಬಾವಿಯ ನೀರಿನಲ್ಲಿ ಬೇಳೆಯೂ ಬೇಯುತ್ತಿರಲಿಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಇದರ ಕಾರಣ ತಿಳಿಯಲೆಂದು ಮಕ್ಕಳನ್ನು ಕಟ್ಟಿಕೊಂಡು ಬಾವಿಗಳನ್ನು ಅಳೆಯತೊಡಗಿದೆ.

ಅಳತೆಗೆ ಬೇಕಾದದ್ದು ತುದಿಗೆ ಭಾರ ಕಟ್ಟಿದ ಟೇಪು ಮತ್ತು ಶಿಸ್ತು. ಪ್ರತಿ ಬಾವಿಯ ಕಟ್ಟೆಯ ಮೇಲೆ ಬಣ್ಣದ ಗುರುತು ಹಾಕಿ, ಸದಾ ಅಲ್ಲಿಂದಲೇ ಟೇಪು ಇಳಿಬಿಡುತ್ತಿದ್ದೆವು. ಪಂಪು ಓಡಿದ ಮೇಲೆ ಅಳೆದರೆ ಬಾವಿಯ ನಿಜವಾದ ಮಟ್ಟ ಸಿಗುವುದಿಲ್ಲವಾದ್ದರಿಂದ, ಹೊಲದ ಲೈನಿಗೆ ತ್ರೀ ಫೇಸ್ ಕರೆಂಟು ಬರುವ ಮೊದಲೇ ಕೆಲಸ ಮುಗಿಯಬೇಕಿತ್ತು. ಶಾಲೆಯ ಬಯಲಿನಲ್ಲಿಟ್ಟ ಮಳೆಮಾಪಕವನ್ನು ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8.30ಕ್ಕೆ ಓದುತ್ತಿದ್ದೆವು. ಎಲ್ಲ ಅಂಕಿಗಳೂ ಪಂಚಾಯಿತಿಯ ಕರಿಹಲಗೆಯ ಮೇಲೆ ಬರುತ್ತಿದ್ದವು. ನೀರು ಅಳೆಯಲು ಬಂದವರು ನಾಳೆ ಕರ ಹಾಕಲು ಬರುತ್ತಾರೆಂದು ಕೆಲವು ರೈತರು ಅನುಮಾನಿಸಿದ್ದು ಸಹಜವೇ. ಅದಕ್ಕಾಗಿ ಮಾಲೀಕರ ಹೆಸರು ಬಿಟ್ಟು ಬಾವಿಗಳಿಗೆ ಸಂಖ್ಯೆ ಕೊಟ್ಟೆವು, ಆಮೇಲೆ ಅವರೇ ಹಲಗೆಯ ಮುಂದೆ ನಿಂತು ತಮ್ಮ ಬಾವಿಯನ್ನು ಪಕ್ಕದವರದರೊಂದಿಗೆ ಹೋಲಿಸತೊಡಗಿದರು.

ಮುಂಗಾರಿಗೆ ಮೊದಲು ಮತ್ತು ಹಿಂಗಾರಿ ಮುಗಿದ ಮೇಲಿನ ಅಂಕಿಗಳನ್ನು ಊರಿನ ನಕ್ಷೆಯ ಮೇಲೆ ಬರೆದಾಗ ಚಿತ್ರ ತಿಳಿಯಾಯಿತು. ನದಿಯ ಪಕ್ಕದ ಎರಿಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು, ನೆನೆದೊಡನೆ ಉಬ್ಬಿ ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ನೀರು ಆಳಕ್ಕೆ ಇಳಿಯುವುದು ಕಡಿಮೆ, ಆವಿಯಾಗಿ ಹೋದಾಗ ಉಪ್ಪು ಮಾತ್ರ ಉಳಿಯುತ್ತದೆ. ಸಿಹಿ ನೀರಿನ ಬಾವಿಗಳಿದ್ದದ್ದು ಮೇಲ್ಭಾಗದ ಗರಸು (ಕಲ್ಲುಹರಳಿನ) ನೆಲದ ಅಂಚಿನಲ್ಲಿ, ಶಿಥಿಲಗೊಂಡ ಕಪ್ಪುಕಲ್ಲಿನ ಸಂದುಗಳಲ್ಲಿ ಮಳೆ ಬೇಗ ಇಂಗುವ ಕಡೆ. ನದಿಯ ಪಕ್ಕದ ಎರಿಹೊಲದಲ್ಲಿ ಇಂಗುಗುಂಡಿ ತೋಡಬೇಕೆಂಬ ಬೇಡಿಕೆ ಗ್ರಾಮಸಭೆಯಲ್ಲಿ ಜೋರಾಗಿತ್ತು. ಈ ನಕ್ಷೆಯನ್ನು ಮುಂದಿಟ್ಟ ಮೇಲೆ ಉದ್ಯೋಗ ಖಾತ್ರಿಯ ಒಡ್ಡುಗಳೂ ಗುಂಡಿಗಳೂ ಗರಸಿನ ಕಡೆಗೆ ಸರಿದವು. ನನ್ನ ಮಟ್ಟಿಗೆ ಇಡೀ ಕೆಲಸದ ಫಲ ಈ ಸ್ಥಳ ಬದಲಾವಣೆಯೇ.

ಶಾಲೆಯ ಚಾವಣಿಯ ನೀರನ್ನು ಬಾವಿಗೆ ಬಿಡುವಾಗ ಲೆಕ್ಕ ಸುಲಭವಿತ್ತು: ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್, ಅಂದರೆ 100 ಚದರ ಮೀಟರಿಗೆ 500 ಮಿ.ಮೀ. ಮಳೆಯಲ್ಲಿ 50,000 ಲೀಟರ್, ಅದರಲ್ಲಿ ಸ್ವಲ್ಪ ಸೋರಿಕೆಗೆ ಹೋಗುತ್ತದೆ. ಮೊದಲ ಮಳೆಯ ಕೊಳೆಯನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಉಸುಕು, ಜಲ್ಲಿ, ದಪ್ಪ ಕಲ್ಲುಗಳ ಮೂಲಕ ಸೋಸಿ ಇಳಿಸಿದೆವು. ಗೊಬ್ಬರ ಹಾಕಿದ ಹೊಲದ ನೀರನ್ನು ನೇರವಾಗಿ ಬಾವಿಗೆ ತಿರುಗಿಸುವುದನ್ನು ಮಾತ್ರ ನಾನು ಯಾರಿಗೂ ಸೂಚಿಸುವುದಿಲ್ಲ. ಹೂಳಿನ ಜೊತೆಗೆ ನೈಟ್ರೇಟೂ ಒಳಗಿಳಿಯುತ್ತದೆ.

ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರಿನ ಬಗ್ಗೆ ಒಂದು ಮಾತು. ಕುಡಿಯುವ ನೀರಿನಲ್ಲಿ ಈ ಲವಣಗಳು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ನೀರು ಶುದ್ಧ ಮಾಡುವ ಯಂತ್ರ ಮಾರುವವರು ಈ ಮೀಟರನ್ನೇ ತೋರಿಸಿ ಜನರನ್ನು ಹೆದರಿಸುತ್ತಾರೆ, ಆದರೆ ಫ್ಲೋರೈಡ್ ಎಷ್ಟಿದೆ, ರೋಗಾಣು ಇದೆಯೇ ಎಂಬುದನ್ನು ಅದು ಹೇಳಲಾರದು. ಫ್ಲೋರೈಡಿನ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ನೀರು ಕುದಿಸಿದರೆ ಅದು ಹೋಗುವುದೂ ಇಲ್ಲ. ಜಲ ಜೀವನ ಮಿಷನ್ ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆನ್ನುತ್ತದೆ. ನಮ್ಮಲ್ಲಿ ತರಬೇತಿ ಪಡೆದ ಅಕ್ಕಂದಿರೇ ಈಗ ಕುಡಿಯುವ ನೀರಿನ ಬಾವಿಗಳನ್ನು ನೋಡಿಕೊಳ್ಳುತ್ತಾರೆ, ಸಂಶಯ ಬಂದ ಮಾದರಿಯನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕೊಳವೆಬಾವಿಗಳ ಮಟ್ಟ ಇನ್ನೂ ನಮ್ಮ ಹಲಗೆಗೆ ಬಂದಿಲ್ಲ: ಕೇಸಿಂಗಿನ (ಬಾವಿಯೊಳಗೆ ಇಳಿಸಿದ ಹೊರ ಪೈಪಿನ) ಮುಚ್ಚಳದಲ್ಲಿ ಟೇಪು ಇಳಿಸುವಷ್ಟು ತೂತು ಬಿಡಲು ಒಪ್ಪುವ ಮಾಲೀಕರನ್ನು ಹುಡುಕುತ್ತಿದ್ದೇವೆ.