ಮೇಫ್ಲೈ ಮರಿಗೂ ರೆಕ್ಕೆಯ ಹುಳಕ್ಕೂ ನಂಟು ಹುಡುಕಿದ್ದು

ತುಂಗೆಗೆ ಸೇರುವ ಮಲೆನಾಡಿನ ಹಳ್ಳವೊಂದರಲ್ಲಿ ಅಂಗೈಯಗಲದ ಕಲ್ಲನ್ನು ಮಗುಚಿದರೆ, ಚಪ್ಪಟೆ ಮೈಯ ಮೇಫ್ಲೈ (ನೀರಿನಲ್ಲಿ ಬೆಳೆದು, ರೆಕ್ಕೆ ಬಂದ ಮೇಲೆ ಹಾರಿಹೋಗುವ ಕೀಟ) ಮರಿಗಳು ಏಡಿಯಂತೆ ಪಕ್ಕಕ್ಕೆ ಸರಿದು ಮರೆಯಾಗುತ್ತವೆ. ಹೊಟ್ಟೆಯ ಇಕ್ಕೆಲಗಳಲ್ಲಿ ಕಿವಿರು, ಹಿಂದೆ ಎರಡೋ ಮೂರೋ ಬಾಲದೆಳೆ, ಪ್ರತಿ ಕಾಲಿನ ತುದಿಗೆ ಒಂದೇ ಉಗುರು. ಇದೇ ಹಳ್ಳದಲ್ಲಿರುವ ಸ್ಟೋನ್‌ಫ್ಲೈ ಎಂಬ ಇನ್ನೊಂದು ನೀರುಕೀಟದ ಮರಿಗಾದರೆ ಉಗುರು ಎರಡು. ಇಷ್ಟು ತಿಳಿದವರು ಇದು ಮೇಫ್ಲೈ ಎಂದು ಗುರುತಿಸಬಲ್ಲರು. ತೊಡಕೆಲ್ಲ ಪ್ರಭೇದದ ಮಟ್ಟದಲ್ಲಿದೆ, ಏಕೆಂದರೆ ಎಷ್ಟೋ ಪ್ರಭೇದಗಳನ್ನು ಹಿಂದಿನವರು ಮರಿಯನ್ನಷ್ಟೇ ಅಥವಾ ರೆಕ್ಕೆಯ ಹುಳವನ್ನಷ್ಟೇ ನೋಡಿ ವರ್ಣಿಸಿದ್ದಾರೆ.

ನನ್ನ ಕಣ್ಣು ಬಿದ್ದದ್ದು ಲೆಪ್ಟೊಫ್ಲೆಬಿಯಿಡೆ ಕುಟುಂಬದ, ಕವಲೊಡೆದ ಎಳೆಯಂಥ ಕಿವಿರಿನ ಮರಿಯೊಂದರ ಮೇಲೆ. ಕೀಟಶಾಸ್ತ್ರಜ್ಞ ಕೆ.ಜಿ. ಶಿವರಾಮಕೃಷ್ಣನ್ ಅವರು 1984ರಲ್ಲಿ ಪೀಟರ್ಸುಲ ಎಂಬ ಹೊಸ ಕುಲವನ್ನೇ ವರ್ಣಿಸಿದ್ದು ಈ ಕುಟುಂಬದಲ್ಲಿ. ಆದ್ದರಿಂದ ಹೊಸದೇನಾದರೂ ಸಿಗಬಹುದೆಂದು ಆಸೆಪಡುವುದಕ್ಕೆ ಕಾರಣವಿತ್ತು. ಮೊದಲ ವರ್ಷ ಸಿಕ್ಕ ಮರಿಗಳನ್ನೆಲ್ಲ ಆಲ್ಕೋಹಾಲಿಗೆ ಹಾಕಿ, ಸಂಜೆ ಬಿಳಿ ಬಟ್ಟೆಗೆ ದೀಪ ಹಿಡಿದು ರೆಕ್ಕೆಯ ಹುಳಗಳನ್ನು ಬೇರೆಯಾಗಿ ಹಿಡಿದೆ. ಕಾಲಿಗೆ ಉಂಬಳ ಹತ್ತಿದ್ದೇ ಬಂತು. ಯಾವ ಮರಿ ಯಾವ ಹುಳವಾಯಿತು ಎನ್ನಲು ಯಾವ ಆಧಾರವೂ ಉಳಿಯಲಿಲ್ಲ.

ಮರುವರ್ಷ ಮಳೆಗಾಲ ಕಳೆದ ಮೇಲೆ, ಪ್ಲಾಸ್ಟಿಕ್ ಲೋಟಗಳ ಗೋಡೆ ಕತ್ತರಿಸಿ ನೈಲಾನ್ ಬಲೆ ಅಂಟಿಸಿ, ಅರ್ಧ ನೀರಿನಲ್ಲಿ ಅರ್ಧ ಮೇಲೆ ನಿಲ್ಲುವಂತೆ ಹಳ್ಳದಲ್ಲೇ ಕಟ್ಟಿದೆ. ಒಂದೊಂದರಲ್ಲಿ ಒಂದು ಮರಿ, ಹತ್ತಲು ಒಂದು ಕಡ್ಡಿ. ರೆಕ್ಕೆಯ ಮೊಗ್ಗುಗಳು ಕಪ್ಪಾದ, ಅಂದರೆ ಹಾರುವ ದಿನ ಹತ್ತಿರವಾದ ಮರಿಗಳನ್ನೇ, ಅದರಲ್ಲೂ ಕಣ್ಣು ದೊಡ್ಡದಿರುವ ಗಂಡುಗಳನ್ನೇ ಆರಿಸಿಕೊಂಡೆ. ಪ್ರಭೇದವನ್ನು ಬೇರ್ಪಡಿಸುವ ಜನನಾಂಗದ ಆಕಾರ ಗಂಡಿನಲ್ಲೇ ಸ್ಪಷ್ಟ.

ಮೊದಲನೆಯದು ಮುಸ್ಸಂಜೆಗೆ ಹೊರಬಂತು. ಸಂಭ್ರಮದಲ್ಲಿ ಅದನ್ನು ಕೂಡಲೇ ಸೀಸೆಗೆ ಹಾಕಿದ್ದು ನನ್ನ ತಪ್ಪು. ಕೀಟಗಳಲ್ಲಿ ರೆಕ್ಕೆ ಬಂದ ಮೇಲೂ ಮತ್ತೊಮ್ಮೆ ಪೊರೆ ಕಳಚುವುದು ಮೇಫ್ಲೈ ಮಾತ್ರ. ನನ್ನ ಕೈಯಲ್ಲಿದ್ದದ್ದು ಮಂಕು ರೆಕ್ಕೆಯ ನಡುಹಂತದ ಹುಳ, ಅದರ ಜನನಾಂಗ ಇನ್ನೂ ಪೂರ್ತಿ ರೂಪಗೊಂಡಿರಲಿಲ್ಲ. ಮುಂದಿನವುಗಳನ್ನು ಹಸಿ ಎಲೆಯಿಟ್ಟ ಡಬ್ಬಿಯಲ್ಲಿ ನೆರಳಿಗಿಟ್ಟು ರಾತ್ರಿಯಿಡೀ ಮುಟ್ಟದೆ ಬಿಟ್ಟೆ. ಎರಡು ಸತ್ತವು. ಬದುಕಿದ ಮೂರು, ಬೆಳಗಿನ ಹೊತ್ತಿಗೆ ಬೂದಿಬಣ್ಣದ ಪೊರೆಯನ್ನು ಡಬ್ಬಿಯ ಗೋಡೆಗೆ ಅಂಟಿಸಿ, ಗಾಜಿನಷ್ಟು ತಿಳಿಯಾದ ರೆಕ್ಕೆಗಳನ್ನು ಬೆನ್ನ ಮೇಲೆ ನೆಟ್ಟಗೆ ಮಡಿಚಿ ಕುಳಿತಿದ್ದವು.

ಹುಳವನ್ನೂ ಅದು ಮರಿಯಾಗಿದ್ದಾಗಿನ, ಲೋಟದಲ್ಲಿ ಕಳಚಿಟ್ಟ ಪೊರೆಯನ್ನೂ ಒಂದೇ ಸೀಸೆಯಲ್ಲಿ, 95 ಶೇಕಡಾ ಎಥನಾಲಿನಲ್ಲಿ ಇಡುತ್ತೇನೆ. ಒಂದು ಕಾಲನ್ನು ಡಿಎನ್‌ಎ ಬಾರ್‌ಕೋಡಿಗೆ, ಅಂದರೆ ಪ್ರಭೇದಗಳನ್ನು ಬೇರ್ಪಡಿಸಲು ಬಳಸುವ ಸಿಒಐ ಎಂಬ ಜೀನಿನ ಸುಮಾರು 658 ಅಕ್ಷರಗಳ ತುಣುಕನ್ನು ಓದಿಸಲು, ತೆಗೆದಿಡುತ್ತೇನೆ. ಹಳೆಯ ವರ್ಣನೆಗಳಲ್ಲಿ ಹೆಣ್ಣನ್ನಷ್ಟೇ ಕಂಡು ಬರೆದದ್ದು ಒಂದಿದೆ. ಅದರ ಗಂಡು ಇದೇ ಆಗಿರಬಾರದೇಕೆ ಎಂಬ ಪ್ರಶ್ನೆ ಬಗೆಹರಿಯುವವರೆಗೆ ನನ್ನ ಚೀಟಿಯಲ್ಲಿ ಕುಲದ ಹೆಸರಿನ ಮುಂದೆ ‘ಪ್ರಭೇದ 1’ ಎಂದೇ ಇದೆ.