ಕ್ಲೌಡ್‌ನಲ್ಲಿ ವರ್ಚುವಲ್ ರೌಟರ್: ಕೊಳ್ಳುವ ಮುನ್ನ, ಕೂರಿಸುವಾಗ

ಆಫೀಸಿನ ರ‍್ಯಾಕ್‌ನಲ್ಲಿರುವ ರೌಟರ್‌ಗೆ ಒಂದು ಹುಟ್ಟು ಅಧಿಕಾರವಿದೆ. ಕೇಬಲ್ ಅದರೊಳಗೇ ಬಂದು ಸೇರುವುದರಿಂದ ಅದನ್ನು ದಾಟದೆ ಪ್ಯಾಕೆಟ್ (ಡೇಟಾದ ತುಣುಕು) ಆಚೆ ಹೋಗುವಂತಿಲ್ಲ. ಕ್ಲೌಡ್‌ನಲ್ಲಿ ಈ ಅಧಿಕಾರ ಯಾವ ವಿಎಂಗೂ (ವರ್ಚುವಲ್ ಯಂತ್ರಕ್ಕೂ) ಇಲ್ಲ. ಅಲ್ಲಿ ವರ್ಚುವಲ್ ರೌಟರ್ ಎಂದರೆ ಮಿಕ್ಕ ಸರ್ವರ್‌ಗಳ ಪಕ್ಕದಲ್ಲಿ ಬಾಡಿಗೆಗಿರುವ ಇನ್ನೊಂದು ಸರ್ವರ್, ಅಷ್ಟೆ. ಪ್ಯಾಕೆಟ್ ಎತ್ತ ಹೋಗಬೇಕೆಂದು ಮೊದಲು ತೀರ್ಮಾನಿಸುವುದು ಕ್ಲೌಡ್‌ನ ರೌಟ್ ಟೇಬಲ್. ಅದು ಇತ್ತ ಕಳಿಸಿದ್ದು ಮಾತ್ರ ನಿಮ್ಮ ರೌಟರ್‌ನ ಕೈಗೆ ಸಿಗುತ್ತದೆ. ಮುಂದೆ ಹೇಳುವ ಎಡವಟ್ಟುಗಳಲ್ಲಿ ಹೆಚ್ಚಿನವು ಇದನ್ನು ಮರೆತಾಗ ಆಗುವಂಥವು.

ನಿಜವಾಗಿ ಬೇಕಾ?

ಒಂದೇ ಕ್ಲೌಡ್, ಒಂದೆರಡು ವಿಪಿಸಿ (ಕ್ಲೌಡ್‌ನೊಳಗಿನ ನಿಮ್ಮ ಖಾಸಗಿ ನೆಟ್‌ವರ್ಕ್), ಒಂದು ಆಫೀಸು. ನಿಮ್ಮ ವ್ಯವಹಾರ ಇಷ್ಟೇ ಆಗಿದ್ದರೆ ವರ್ಚುವಲ್ ರೌಟರ್ ಬೇಡ, ಕ್ಲೌಡ್ ಕಂಪನಿಯದೇ ವಿಪಿಎನ್ ಗೇಟ್‌ವೇ ಸಾಕು. ಎಡಬ್ಲ್ಯೂಎಸ್‌ನ (ಅಮೆಜಾನ್ ಕ್ಲೌಡ್‌ನ) ಸೈಟ್-ಟು-ಸೈಟ್ ವಿಪಿಎನ್ ಪ್ರತಿ ಸಂಪರ್ಕಕ್ಕೂ ಎರಡು ಟನಲ್ (ಇಂಟರ್ನೆಟ್ ಮೇಲೆ ಎಳೆದ ಗೂಢಲಿಪಿಯ ದಾರಿ) ಕೊಡುತ್ತದೆ. ಒಂದು ಮಾಮೂಲಿ ಟನಲ್‌ನ ಮಿತಿ 1.25 ಜಿಬಿಪಿಎಸ್. ಪ್ಯಾಚ್ ಹಾಕುವ, ರಾತ್ರಿ ಎದ್ದು ನೋಡುವ ಕೆಲಸ ಅವರದು.

ವರ್ಚುವಲ್ ರೌಟರ್‌ಗೆ ಅರ್ಥ ಬರುವ ಸಂದರ್ಭಗಳು ಬೇರೆ. ಎರಡು ಮೂರು ಕ್ಲೌಡ್‌ಗಳಲ್ಲಿ ಒಂದೇ ಬಗೆಯ ಸಂರಚನೆ ಬೇಕು; ಎದುರಿನ ಕಂಪನಿಯ ನೆಟ್‌ವರ್ಕ್ ವಿಳಾಸವೂ ನಿಮ್ಮದೂ ಒಂದೇ ಆಗಿರುವುದರಿಂದ ಟನಲ್‌ನೊಳಗೆ ನ್ಯಾಟ್ (ವಿಳಾಸ ಬದಲಾವಣೆ) ಮಾಡಬೇಕು; ಶಾಖೆಗಳಲ್ಲಿ ಈಗಾಗಲೇ ಎಸ್‌ಡಿ-ವ್ಯಾನ್ (ಶಾಖೆಗಳ ಜಾಲವನ್ನು ಸಾಫ್ಟ್‌ವೇರ್‌ನಿಂದ ಒಂದೆಡೆ ನಿಭಾಯಿಸುವ ವ್ಯವಸ್ಥೆ) ಇದೆ, ಕ್ಲೌಡ್ ಕೂಡ ಅದರ ಒಂದು ಶಾಖೆಯಾಗಬೇಕು; ಗೇಟ್‌ವೇ ಒಪ್ಪದ ಹಳೇ ಐಪಿಸೆಕ್ (ಟನಲ್‌ನ ಗೂಢಲಿಪಿ ವಿಧಾನ) ಸೆಟ್ಟಿಂಗನ್ನೇ ಎದುರಿನವರು ಹಿಡಿದು ಕೂತಿದ್ದಾರೆ. ಇವುಗಳಲ್ಲಿ ಒಂದೂ ನಿಮ್ಮದಲ್ಲವೆಂದರೆ ಇಲ್ಲಿಗೇ ನಿಲ್ಲಿಸಬಹುದು.

ಖರ್ಚಿನ ಲೆಕ್ಕ ಹಾಕುವಾಗ ವಿಎಂ ಬಾಡಿಗೆಯನ್ನಷ್ಟೇ ನೋಡಬೇಡಿ. ಒಂದು ಸತ್ತರೆ ಇನ್ನೊಂದಿರಲೆಂದು ಜೋಡಿ ಬೇಕಾಗುವುದರಿಂದ ಅದು ಎರಡು ಪಟ್ಟು. ಲೈಸೆನ್ಸ್ ಇದೆ. ಒಂದು ಝೋನ್‌ನಿಂದ (ಕ್ಲೌಡ್‌ನ ಪ್ರತ್ಯೇಕ ಡೇಟಾ ಕೇಂದ್ರದಿಂದ) ಇನ್ನೊಂದಕ್ಕೆ ಡೇಟಾ ದಾಟಿದರೆ ಅದಕ್ಕೂ ಬಿಲ್ ಬೀಳಬಹುದು. ರೌಟರ್ ಒಂದು ಝೋನ್‌ನಲ್ಲಿ, ಡೇಟಾಬೇಸ್ ಇನ್ನೊಂದರಲ್ಲಿ ಇದ್ದರೆ ಈ ಬಾಬ್ತು ತಿಂಗಳ ಕೊನೆಗೆ ಕಣ್ಣಿಗೆ ಬೀಳುತ್ತದೆ.

ಯಾವುದನ್ನು ಆರಿಸಬೇಕು? ಸಿಸ್ಕೊ ಕ್ಯಾಟಲಿಸ್ಟ್ 8000ವಿ, ಜುನಿಪರ್ ವಿಎಸ್‌ಆರ್‌ಎಕ್ಸ್, ವಯೋಸ್, ಮೈಕ್ರೋಟಿಕ್ ಸಿಎಚ್‌ಆರ್ ಎಲ್ಲವೂ ಕೆಲಸಕ್ಕೆ ಬರುವಂಥವೇ. ಬರೀ ಲಿನಕ್ಸ್ ಮೇಲೆ ಎಫ್‌ಆರ್‌ಆರ್ (ರೌಟಿಂಗ್‌ಗೆ) ಮತ್ತು ಸ್ಟ್ರಾಂಗ್‌ಸ್ವಾನ್ (ಐಪಿಸೆಕ್‌ಗೆ) ಹಾಕಿಕೊಂಡರೂ ನಡೆಯುತ್ತದೆ. ಕೆಟ್ಟು ನಿಂತಾಗ ಫೋನ್ ಎತ್ತುವ ವ್ಯಕ್ತಿಗೆ ಯಾವುದು ಗೊತ್ತಿದೆಯೋ ಅದನ್ನೇ ತೆಗೆದುಕೊಳ್ಳಿ. ಲೈಸೆನ್ಸ್ ಮಿತಿಯನ್ನು ಮಾತ್ರ ಓದಿ ನೋಡಿ: ಸಿಎಚ್‌ಆರ್‌ನ ಉಚಿತ ಲೈಸೆನ್ಸ್ ಪ್ರತಿ ಇಂಟರ್ಫೇಸ್‌ಗೂ 1 ಎಂಬಿಪಿಎಸ್‌ಗೆ ಕಟ್ಟಿಹಾಕುತ್ತದೆ. ಇದು ಗೊತ್ತಿಲ್ಲದೆ "ಕ್ಲೌಡೇ ನಿಧಾನ" ಎಂದು ದಿನಗಟ್ಟಲೆ ಹುಡುಕುವವರಿದ್ದಾರೆ.

ವಿಳಾಸ ಮತ್ತು ನಕ್ಷೆ

ಮೊದಲು ಎಲ್ಲ ಆಫೀಸು, ಕ್ಲೌಡ್, ವಿಪಿಎನ್ ಬಳಕೆದಾರರ ಐಪಿ ವ್ಯಾಪ್ತಿಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಡಿಕ್ಕಿಯಾಗುವ ಜಾಗಗಳು ಹೆಚ್ಚುಕಮ್ಮಿ ಇವೇ: ಎಡಬ್ಲ್ಯೂಎಸ್‌ನ ಡೀಫಾಲ್ಟ್ ವಿಪಿಸಿಯ 172.31.0.0/16, ಮನೆ ರೌಟರ್‌ಗಳ 192.168.0.0/24 ಮತ್ತು 192.168.1.0/24, ಡಾಕರ್ (ಕಂಟೇನರ್ ಓಡಿಸುವ ಸಾಫ್ಟ್‌ವೇರ್) ತಾನಾಗಿ ಹಿಡಿಯುವ 172.17.0.0/16. ಕೊನೆಯದು ಕುತಂತ್ರಿ. ಆಫೀಸಿನಲ್ಲಿ 172.17 ಇದ್ದು ಕ್ಲೌಡ್ ಸರ್ವರ್‌ನಲ್ಲಿ ಡಾಕರ್ ಇದ್ದರೆ, ಟನಲ್ ಸರಿಯಿದ್ದರೂ ಆ ಒಂದು ಸರ್ವರ್ ಮಾತ್ರ ಉತ್ತರ ಕೊಡುವುದಿಲ್ಲ. ಉತ್ತರವನ್ನು ಅದು ತನ್ನೊಳಗಿನ ಬ್ರಿಡ್ಜ್‌ಗೇ (ಡಾಕರ್‌ನ ಒಳಜಾಲಕ್ಕೇ) ಕಳಿಸಿಕೊಳ್ಳುತ್ತಿರುತ್ತದೆ.

ರೌಟರ್‌ಗೆಂದೇ ಪ್ರತ್ಯೇಕ ಸಬ್‌ನೆಟ್ (ವಿಪಿಸಿಯ ಒಂದು ಭಾಗ) ಇಡಿ, /28 (16 ವಿಳಾಸ) ಸಾಕು. ಎಡಬ್ಲ್ಯೂಎಸ್ ಮತ್ತು ಮೈಕ್ರೋಸಾಫ್ಟ್‌ನ ಅಜೂರ್ ಪ್ರತಿ ಸಬ್‌ನೆಟ್‌ನಲ್ಲೂ 5 ವಿಳಾಸಗಳನ್ನು ತಮಗಾಗಿ ಇಟ್ಟುಕೊಳ್ಳುತ್ತವೆ, ನಿಮಗೆ ಉಳಿಯುವುದು 11. ಬಿಜಿಪಿಗೆ (ರೌಟರ್‌ಗಳು ದಾರಿಗಳನ್ನು ಪರಸ್ಪರ ತಿಳಿಸುವ ವಿಧಾನ) ಖಾಸಗಿ ಎಎಸ್ ಸಂಖ್ಯೆಯನ್ನು (ಅದರಲ್ಲಿ ಪ್ರತಿ ಜಾಲದ ಗುರುತು) 64512ರಿಂದ 65534ರೊಳಗೆ ಆರಿಸಿ, ಪ್ರತಿ ಸೈಟ್‌ಗೂ ಬೇರೆಬೇರೆ. ಅಜೂರ್‌ನ ಬಿಜಿಪಿ ಸೇವೆಯಾದ ರೌಟ್ ಸರ್ವರ್ 65515 ಅನ್ನು ತನಗಾಗಿ ಇಟ್ಟುಕೊಂಡಿದೆ, ಅದನ್ನು ಮುಟ್ಟಬೇಡಿ.

ನಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ನಡುವೆ ಹಬ್ ನೆಟ್‌ವರ್ಕ್, ಸುತ್ತ ಪೀರಿಂಗ್‌ನಿಂದ (ಎರಡು ಕ್ಲೌಡ್ ನೆಟ್‌ವರ್ಕ್‌ಗಳ ನೇರ ಜೋಡಣೆ) ಜೋಡಿಸಿದ ಸ್ಪೋಕ್ ನೆಟ್‌ವರ್ಕ್‌ಗಳು, ಹಬ್‌ನಲ್ಲಿ ರೌಟರ್: ಈ ಚಿತ್ರ ಅಜೂರ್‌ನಲ್ಲಿ ನಡೆಯುತ್ತದೆ. ಸ್ಪೋಕ್‌ನ ರೌಟ್ ಟೇಬಲ್‌ನಲ್ಲಿ ಮುಂದಿನ ಹೆಜ್ಜೆಯಾಗಿ ರೌಟರ್‌ನ ಐಪಿ ಕೊಟ್ಟು, ಪೀರಿಂಗ್‌ನಲ್ಲಿ ಫಾರ್ವರ್ಡ್ ಆದ ಟ್ರಾಫಿಕ್‌ಗೆ ಅನುಮತಿ ಕೊಟ್ಟರೆ ಸಾಕು. ಅದೇ ಚಿತ್ರವನ್ನು ಎಡಬ್ಲ್ಯೂಎಸ್‌ಗೆ ಒಯ್ದರೆ ಕೆಲಸ ಮಾಡದು. ಅಲ್ಲಿನ ವಿಪಿಸಿ ಪೀರಿಂಗ್, ಎದುರಿನ ವಿಪಿಸಿಯದೇ ಆದ ವಿಳಾಸಗಳಿಗೆ ಹೊರಟ ಪ್ಯಾಕೆಟ್‌ಗಳನ್ನು ಮಾತ್ರ ದಾಟಿಸುತ್ತದೆ. ಆಚೆಯ ಆಫೀಸಿಗೆ ಹೊರಟವನ್ನು ಬೀಳಿಸುತ್ತದೆ. ಅಲ್ಲಿ ಟ್ರಾನ್ಸಿಟ್ ಗೇಟ್‌ವೇ (ವಿಪಿಸಿಗಳನ್ನು ಜೋಡಿಸುವ ಎಡಬ್ಲ್ಯೂಎಸ್ ಸೇವೆ) ಬೇಕು, ಇಲ್ಲವೇ ಪ್ರತಿ ವಿಪಿಸಿಯಿಂದ ಹಬ್‌ಗೆ ನಿಮ್ಮದೇ ಟನಲ್ ಎಳೆಯಬೇಕು.

ಗಾತ್ರ

ಚಿಕ್ಕ ವಿಎಂಗಳ ಪಟ್ಟಿಯಲ್ಲಿ "10 ಜಿಬಿಪಿಎಸ್‌ವರೆಗೆ" ಎಂದಿದ್ದರೆ ಆ "ವರೆಗೆ"ಯ ಮೇಲೆ ಕಣ್ಣಿಡಿ. ಅದು ಸ್ವಲ್ಪ ಹೊತ್ತು ಸಿಗುವ ವೇಗ. ಸದಾ ಸಿಗುವ ವೇಗ ಅದಕ್ಕಿಂತ ತೀರಾ ಕಡಿಮೆ ಇರಬಹುದು. ಎಡಬ್ಲ್ಯೂಎಸ್‌ನಲ್ಲಿ ಪ್ಲೇಸ್‌ಮೆಂಟ್ ಗ್ರೂಪಿನ (ಹತ್ತಿರಹತ್ತಿರ ಇಟ್ಟ ವಿಎಂಗಳ ಗುಂಪಿನ) ಹೊರಗೆ ಒಂದೇ ಹರಿವಿಗೆ (ಎರಡು ತುದಿಗಳ ನಡುವಿನ ಒಂದು ಸಂಪರ್ಕಕ್ಕೆ) ಸಾಮಾನ್ಯವಾಗಿ 5 ಜಿಬಿಪಿಎಸ್ ಮಿತಿಯೂ ಇದೆ. ಹೊರಗಿನಿಂದ ನೋಡಿದರೆ ಐಪಿಸೆಕ್ ಟನಲ್ ಕೂಡ ಒಂದೇ ಹರಿವು ಎಂಬುದನ್ನು ಮರೆಯಬೇಡಿ. ಬಹಳಷ್ಟು ರೌಟರ್‌ಗಳಲ್ಲಿ ಒಂದು ಟನಲ್‌ನ ಕೆಲಸವೆಲ್ಲ ಒಂದೇ ಕೋರ್ ಮೇಲೆ ಬೀಳುತ್ತದೆ. 16 ವಿಸಿಪಿಯು ಕೊಟ್ಟರೂ ಒಂದು ಕೋರ್ ನೂರಕ್ಕೆ ನೂರು ಓಡಿ ಉಳಿದವು ತೂಕಡಿಸುತ್ತವೆ. ಆಗ ವಿಎಂ ದೊಡ್ಡದು ಮಾಡಿ ಪ್ರಯೋಜನವಿಲ್ಲ. ಟನಲ್‌ಗಳನ್ನು ನಾಲ್ಕು ಮಾಡಿ ಟ್ರಾಫಿಕ್ ಹಂಚಿ. ಗೂಢಲಿಪಿಗೆ ಎಇಎಸ್-ಜಿಸಿಎಂ ಇಡಿ, ಪ್ರೊಸೆಸರ್‌ನ ಎಇಎಸ್ ಸೂಚನೆಗಳ ಲಾಭ ಅದಕ್ಕೆ ಚೆನ್ನಾಗಿ ಸಿಗುತ್ತದೆ.

ಜಿಬಿಪಿಎಸ್‌ಗಿಂತ ಪ್ಯಾಕೆಟ್ ಸಂಖ್ಯೆ ಮುಖ್ಯ. 1 ಜಿಬಿಪಿಎಸ್ ಅನ್ನು 1500 ಬೈಟ್ ಪ್ಯಾಕೆಟ್‌ಗಳಿಂದ ತುಂಬಿದರೆ ಸೆಕೆಂಡಿಗೆ ಸುಮಾರು 81 ಸಾವಿರ ಪ್ಯಾಕೆಟ್. 64 ಬೈಟ್‌ನ ಫ್ರೇಮ್‌ಗಳಾದರೆ ಸುಮಾರು 14.9 ಲಕ್ಷ. ಧ್ವನಿ ಕರೆ, ಡಿಎನ್‌ಎಸ್ ಹೆಚ್ಚಿರುವ ಕಡೆ ಬ್ಯಾಂಡ್‌ವಿಡ್ತ್ ಗ್ರಾಫ್ ಅರ್ಧವೂ ತುಂಬಿರುವುದಿಲ್ಲ, ರೌಟರ್ ಮಾತ್ರ ಏದುಸಿರು ಬಿಡುತ್ತಿರುತ್ತದೆ. ಎಡಬ್ಲ್ಯೂಎಸ್‌ನ ಇಎನ್‌ಎ (ನೆಟ್‌ವರ್ಕ್ ಕಾರ್ಡಿನ) ಡ್ರೈವರ್ ಬ್ಯಾಂಡ್‌ವಿಡ್ತ್, ಪ್ಯಾಕೆಟ್ ದರ, ಕನೆಕ್ಷನ್ ಟ್ರ್ಯಾಕಿಂಗ್ ಮಿತಿಗಳು ಮೀರಿದ್ದನ್ನು ಬೇರೆಬೇರೆಯಾಗಿ ಎಣಿಸಿಡುತ್ತದೆ. ಈಥ್‌ಟೂಲ್ ಆಜ್ಞೆಯಿಂದ ಆ ಅಂಕಿ ತೆಗೆದು ನೋಡಿ, ಊಹೆ ಬೇಡ. ಅಳೆಯುವಾಗ ಐಪರ್ಫ್3 ಅನ್ನು ಒಮ್ಮೆ ಒಂದು ಹರಿವಿನಿಂದ, ಇನ್ನೊಮ್ಮೆ ಎಂಟರಿಂದ ಓಡಿಸಿ. ಎರಡೂ ಒಂದೇ ಅಂಕಿ ಕೊಟ್ಟರೆ ತಡೆ ಟನಲ್‌ನಲ್ಲೋ ವಿಎಂನಲ್ಲೋ ಇದೆ. ಎಂಟರಲ್ಲಿ ಏರಿದರೆ ತಡೆ ಹರಿವಿನದು.

ಕೂರಿಸುವ ಕ್ರಮ

ಕೆಲಸ ವಿಪಿಎನ್ ಮಾತ್ರವಾದರೆ ಒಂದೇ ನೆಟ್‌ವರ್ಕ್ ಇಂಟರ್ಫೇಸ್ ಇಡಿ. ಒಳಗೊಂದು ಹೊರಗೊಂದು ಎಂದು ಎರಡು ಇಡುವುದು ಪೆಟ್ಟಿಗೆ ರೌಟರ್ ಕಾಲದ ಅಭ್ಯಾಸ, ಕ್ಲೌಡ್‌ನಲ್ಲಿ ಅದು ವಾಪಸು ದಾರಿಯ ತಲೆನೋವನ್ನೂ ಜೊತೆಗೆ ತರುತ್ತದೆ. ಇಂಟರ್ಫೇಸ್‌ಗೆ ಬದಲಾಗದ ಪಬ್ಲಿಕ್ ಐಪಿ ಕೊಡಿ.

ನಂತರ ಫಾರ್ವರ್ಡಿಂಗ್ (ಬೇರೆಯವರ ಪ್ಯಾಕೆಟ್ ಮುಂದೆ ದಾಟಿಸುವುದು) ತೆರೆಯಬೇಕು. ತನ್ನದಲ್ಲದ ವಿಳಾಸದ ಪ್ಯಾಕೆಟ್ ವಿಎಂಗೆ ಬಂದರೆ ಕ್ಲೌಡ್ ಅದನ್ನು ಸದ್ದಿಲ್ಲದೆ ಎಸೆಯುತ್ತದೆ. ಎಡಬ್ಲ್ಯೂಎಸ್‌ನಲ್ಲಿ ಇಂಟರ್ಫೇಸ್‌ನ ಸೋರ್ಸ್/ಡೆಸ್ಟಿನೇಶನ್ ಚೆಕ್ ಆಫ್ ಮಾಡಿ. ಇಂಟರ್ಫೇಸ್ ಎರಡಿದ್ದರೆ ಎರಡರಲ್ಲೂ. ಅಜೂರ್‌ನಲ್ಲಿ ಇಂಟರ್ಫೇಸ್‌ನ ಐಪಿ ಫಾರ್ವರ್ಡಿಂಗ್ ಚಾಲೂ ಮಾಡಿ. ಗೂಗಲ್ ಕ್ಲೌಡ್‌ನಲ್ಲಿ ವಿಎಂ ಸೃಷ್ಟಿಸುವಾಗಲೇ ಅದನ್ನು ಆಯ್ಕೆ ಮಾಡಿಬಿಡಿ. ಲಿನಕ್ಸ್ ಆದರೆ ಕರ್ನಲ್‌ನಲ್ಲೂ ಫಾರ್ವರ್ಡಿಂಗ್ 1 ಇರಬೇಕು. ಎರಡು ಇಂಟರ್ಫೇಸ್ ಇದ್ದರೆ ರಿವರ್ಸ್ ಪಾತ್ ಫಿಲ್ಟರ್ (ಪ್ಯಾಕೆಟ್ ಬಂದ ದಾರಿ ಸರಿಯೇ ಎಂದು ನೋಡುವ ಸೆಟ್ಟಿಂಗ್) ಅನ್ನು 1ರಿಂದ 2ಕ್ಕೆ ಸಡಿಲಿಸಿ.

ಈಗ ರೌಟ್ ಟೇಬಲ್. ಸರ್ವರ್‌ಗಳಿರುವ ಸಬ್‌ನೆಟ್‌ಗಳಲ್ಲಿ ಆಫೀಸಿನ ವಿಳಾಸಗಳಿಗೆ ರೌಟರ್ ಕಡೆ ಬಾಣ ಹಾಕಿ. ಇದೇ ಟೇಬಲ್ಲನ್ನು ರೌಟರ್‌ನ ಸಬ್‌ನೆಟ್‌ಗೂ ಅಂಟಿಸಬೇಡಿ. 0.0.0.0/0 ರೌಟರ್ ಕಡೆಗೇ ತಿರುಗಿದ್ದು, ಅದೇ ಸಾಲು ರೌಟರ್‌ನ ಸಬ್‌ನೆಟ್‌ನಲ್ಲೂ ಇದ್ದರೆ, ಅದು ಹೊರಗೆ ಕಳಿಸಿದ ಪ್ಯಾಕೆಟ್ ಮರಳಿ ಅದರ ಬಾಗಿಲಿಗೇ ಬರುತ್ತದೆ.

ಸೆಕ್ಯುರಿಟಿ ಗ್ರೂಪ್‌ನಲ್ಲಿ (ವಿಎಂ ಸುತ್ತ ಕ್ಲೌಡ್ ಹಾಕುವ ಫೈರ್‌ವಾಲ್‌ನಲ್ಲಿ) ಐಪಿಸೆಕ್‌ಗೆ ಯುಡಿಪಿ ಪೋರ್ಟ್ 500 ಮತ್ತು 4500 ಅನ್ನು ಎದುರಿನ ಪಬ್ಲಿಕ್ ಐಪಿಯೊಂದಕ್ಕೇ ತೆರೆಯಿರಿ. ಹಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಸರ್ವರ್‌ಗಳಿಂದ ಬಂದು ರೌಟರ್ ಮೂಲಕ ಹಾದುಹೋಗುವ ಟ್ರಾಫಿಕ್‌ಗೂ ರೌಟರ್‌ನ ಗ್ರೂಪ್‌ನಲ್ಲಿ ಅನುಮತಿ ಬೇಕು. ಟನಲ್ ಹಸಿರು, ಪಿಂಗ್ ಮಾತ್ರ ಸತ್ತಿದೆ ಎನ್ನುವ ದೂರಿಗೆ ಮೊದಲು ನೋಡಬೇಕಾದ ಜಾಗ ಇದೇ.

ಟನಲ್‌ಗೆ ಐಕೆಇವಿ2 (ಐಪಿಸೆಕ್‌ನ ಎರಡು ಬದಿ ಪರಸ್ಪರ ಗುರುತಿಸಿ ಕೀಲಿ ಒಪ್ಪಿಕೊಳ್ಳುವ ವಿಧಾನ) ಇಡಿ. ವಿಎಂಗೆ ತನ್ನ ಪಬ್ಲಿಕ್ ಐಪಿ ಏನೆಂಬುದೇ ಗೊತ್ತಿರುವುದಿಲ್ಲ, ಅದರ ಇಂಟರ್ಫೇಸ್ ಮೇಲಿರುವುದು 10.x ಥರದ ಖಾಸಗಿ ವಿಳಾಸ. ಪಬ್ಲಿಕ್ ಐಪಿಯನ್ನು ಕ್ಲೌಡ್ ಹೊರಗಡೆ ನ್ಯಾಟ್ ಮಾಡುತ್ತದೆ. ಹಾಗಾಗಿ ಲೋಕಲ್ ಐಡಿ ಜಾಗದಲ್ಲಿ ಪಬ್ಲಿಕ್ ಐಪಿಯನ್ನು ಕೈಯಾರೆ ಬರೆಯದಿದ್ದರೆ ರೌಟರ್ ಖಾಸಗಿ ವಿಳಾಸ ಹೇಳಿಕೊಂಡು ಹೋಗುತ್ತದೆ. ಎದುರಿನ ಬದಿ ಪರಿಚಯ ಸಿಗದೆ ದೃಢೀಕರಣ ತಿರಸ್ಕರಿಸುತ್ತದೆ. ಗುಪ್ತಪದ ಸರಿಯಿದ್ದೂ ದೃಢೀಕರಣ ವಿಫಲ ಎಂದು ಲಾಗ್ ಹೇಳಿದರೆ ಗುಪ್ತಪದ ಬದಲಿಸುತ್ತ ಕೂರಬೇಡಿ, ಐಡಿ ನೋಡಿ.

ಎಂಟಿಯು ಎಂಬ ಶನಿ

ಎಂಟಿಯು ಎಂದರೆ ಒಂದು ದಾರಿ ಹೊರಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಗಾತ್ರ. ಅದು ತಪ್ಪಿದಾಗ ಲಕ್ಷಣ ಹೀಗಿರುತ್ತದೆ. ಪಿಂಗ್ ಹೋಗುತ್ತದೆ. ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ. ಒಳಗೆ ಹೋಗಿ ದೊಡ್ಡ ಫೋಲ್ಡರ್‌ನ ಪಟ್ಟಿ ಕೇಳಿದ ಕೂಡಲೇ ತೆರೆ ಹೆಪ್ಪುಗಟ್ಟುತ್ತದೆ. ಚಿಕ್ಕ ಪ್ಯಾಕೆಟ್ ದಾಟುತ್ತಿವೆ, ದೊಡ್ಡವು ಸಾಯುತ್ತಿವೆ.

ಕಾರಣ ಸರಳ. ಐಪಿಸೆಕ್ ತನ್ನ ಹೊದಿಕೆಯನ್ನು ಸೇರಿಸುವುದರಿಂದ 1500ರ ಪ್ಯಾಕೆಟ್ ಟನಲ್‌ನಲ್ಲಿ ಹಿಡಿಸುವುದಿಲ್ಲ. ಎಡಬ್ಲ್ಯೂಎಸ್ ಒಳಗೆ ಸರ್ವರ್‌ಗಳು 9001 ಬೈಟ್‌ವರೆಗೆ ಮಾತಾಡಬಲ್ಲವು, ಗೂಗಲ್ ಕ್ಲೌಡ್‌ನ ಡೀಫಾಲ್ಟ್ 1460. "ಇದು ದೊಡ್ಡದಾಯಿತು" ಎಂದು ರೌಟರ್ ಕಳಿಸುವ ಐಸಿಎಂಪಿ ಸಂದೇಶ, ಅಂದರೆ ಟೈಪ್ 3 ಕೋಡ್ 4, ದಾರಿಯಲ್ಲಿ ಫೈರ್‌ವಾಲ್‌ಗೆ ಸಿಕ್ಕಿ ಸತ್ತರೆ ಕಳಿಸಿದವನಿಗೆ ವಿಷಯವೇ ತಿಳಿಯುವುದಿಲ್ಲ.

ಪರೀಕ್ಷೆಗೆ, ತುಂಡರಿಸಬೇಡ ಎಂಬ ಆಯ್ಕೆ ಹಾಕಿ 1472 ಬೈಟ್‌ನ ಪಿಂಗ್ ಕಳಿಸಿ. ಹೆಡರ್‌ಗಳ 28 ಸೇರಿ ಅದು 1500 ಆಗುತ್ತದೆ. ಟನಲ್‌ನಲ್ಲಿ ಅದು ಹೋಗದು. 1372 ಹೋಯಿತೆಂದರೆ ದಾರಿ 1400 ಹೊರುತ್ತದೆ. ಟನಲ್ ಇಂಟರ್ಫೇಸ್‌ಗೆ ಎಂಟಿಯು 1400, ಟಿಸಿಪಿ ಎಂಎಸ್‌ಎಸ್ (ಹೆಡರ್ ಬಿಟ್ಟು ಡೇಟಾದ ಮಿತಿ) 1360 ಎಂದು ಹಿಡಿದುಬಿಡಿ. 1372 ಕೂಡ ಹೋಗದಿದ್ದರೆ ಇನ್ನೂ ಇಳಿಸುತ್ತ ಹೋಗಿ. ಐಪಿಸೆಕ್ ಬದಲು ವೈರ್‌ಗಾರ್ಡ್ ಟನಲ್ ಆದರೆ ಅದರ ಮಾಮೂಲಿ 1420. ಐಸಿಎಂಪಿಯ ಆ ಸಂದೇಶವನ್ನು ಎರಡೂ ಕಡೆ ಹಾದುಹೋಗಲು ಬಿಡಿ, ಏಕೆಂದರೆ ಎಂಎಸ್‌ಎಸ್ ತಿದ್ದುವುದರಿಂದ ಟಿಸಿಪಿ ಉಳಿಯುತ್ತದೆಯೇ ಹೊರತು ಯುಡಿಪಿ ಅಲ್ಲ.

ಜೋಡಿ ರೌಟರ್

ಎರಡು ಪೆಟ್ಟಿಗೆ ಇಟ್ಟು ವಿಆರ್‌ಆರ್‌ಪಿ (ಒಂದು ಸತ್ತರೆ ಇನ್ನೊಂದು ಅದರ ಐಪಿ ವಹಿಸಿಕೊಳ್ಳುವ ವಿಧಾನ) ಹಾಕುವ ಹಳೇ ಉಪಾಯ ಇಲ್ಲಿ ನಡೆಯದು. ಅದು 224.0.0.18 ಎಂಬ ಮಲ್ಟಿಕಾಸ್ಟ್ ವಿಳಾಸದಲ್ಲಿ ಮಾತಾಡುತ್ತದೆ, ಆಮೇಲೆ ಎಆರ್‌ಪಿ ಕೂಗಿ ಐಪಿ ತನ್ನದೆಂದು ಸಾರುತ್ತದೆ. ಕ್ಲೌಡ್‌ನ ನೆಟ್‌ವರ್ಕ್ ಆ ಕೂಗಿಗೆ ಕಿವಿಗೊಡುವುದಿಲ್ಲ; ಯಾವ ಐಪಿ ಯಾವ ವಿಎಂನದು ಎಂಬುದು ಅದರ ಕಡತದಲ್ಲಿ ಮೊದಲೇ ಬರೆದಿರುತ್ತದೆ.

ಹಾಗಾಗಿ ಕಡತವನ್ನೇ ತಿದ್ದಬೇಕು. ಒಂದು ದಾರಿ, ಎರಡನೇ ರೌಟರ್ ಮೊದಲನೆಯದರ ಸಾವು ಕಂಡೊಡನೆ ಎಪಿಐ ಮೂಲಕ ರೌಟ್ ಟೇಬಲ್ಲನ್ನು ತನ್ನ ಕಡೆ ತಿರುಗಿಸಿಕೊಳ್ಳುವುದು. ಅಗ್ಗದ್ದು, ಆದರೆ ತಿದ್ದುವ ಅನುಮತಿ ವಿಎಂಗೆ ಇಲ್ಲವೆಂಬುದು ಕೆಟ್ಟ ದಿನವೇ ತಿಳಿಯುವ ಅಪಾಯವಿದೆ. ಇನ್ನೊಂದು ದಾರಿ, ರೌಟರ್ ತನ್ನ ದಾರಿಗಳನ್ನು ಬಿಜಿಪಿಯಿಂದ ಕ್ಲೌಡ್‌ಗೇ ತಿಳಿಸುವುದು; ಅದಕ್ಕಿರುವ ಸೇವೆಗಳು: ಅಜೂರ್ ರೌಟ್ ಸರ್ವರ್, ಗೂಗಲ್‌ನ ಕ್ಲೌಡ್ ರೌಟರ್, ಎಡಬ್ಲ್ಯೂಎಸ್ ಟ್ರಾನ್ಸಿಟ್ ಗೇಟ್‌ವೇ ಕನೆಕ್ಟ್. ಆಗುವುದಾದರೆ ಇದನ್ನೇ ಹಿಡಿಯಿರಿ. ಟೈಮರ್ ಮಾತ್ರ ನೋಡಿಕೊಳ್ಳಿ. ಬದುಕಿದ್ದೇನೆ ಎಂಬ ಸಂದೇಶಕ್ಕೆ 60, ಎದುರಿನದು ಸತ್ತಿತೆಂದು ತೀರ್ಮಾನಿಸಲು 180 ಸೆಕೆಂಡ್ ಎಂಬ ಸಿಸ್ಕೊದ ಮಾಮೂಲಿಯನ್ನು ಹಾಗೇ ಬಿಟ್ಟರೆ ರೌಟರ್ ಸತ್ತು ಮೂರು ನಿಮಿಷ ಟ್ರಾಫಿಕ್ ಗುಂಡಿಗೆ ಬೀಳಬಹುದು. 10 ಮತ್ತು 30 ಸಮಂಜಸ.

ಎರಡೂ ರೌಟರ್‌ಗಳನ್ನು ಒಟ್ಟಿಗೆ ಓಡಿಸುವ ಆಸೆಯಾದರೆ ವಾಪಸು ದಾರಿಯನ್ನು ಯೋಚಿಸಿ. ವಿನಂತಿ ಒಂದನೇ ರೌಟರ್‌ನಿಂದ ಹೋಗಿ ಉತ್ತರ ಎರಡನೆಯದಕ್ಕೆ ಬಂದರೆ, ಅಲ್ಲಿ ಸ್ಟೇಟ್‌ಫುಲ್ ಫೈರ್‌ವಾಲ್ ಇದ್ದಲ್ಲಿ ಅದು ಆರಂಭವನ್ನೇ ಕಾಣದ ಸಂಪರ್ಕವೆಂದು ಪ್ಯಾಕೆಟ್ ಬೀಳಿಸುತ್ತದೆ. ಬಿಜಿಪಿಯಲ್ಲಿ ಒಂದು ರೌಟರ್‌ನ ಎಎಸ್ ಪಾತ್ ಉದ್ದ ಮಾಡಿ (ಆ ದಾರಿ ದೂರವೆಂದು ತೋರಿಸಿ) ಎರಡೂ ದಿಕ್ಕನ್ನು ಒಂದೇ ರೌಟರ್‌ಗೆ ಒಲಿಸುವುದು ಸುಲಭ ಪರಿಹಾರ. ಸೋರ್ಸ್ ನ್ಯಾಟ್ ಕೂಡ ನಡೆಯುತ್ತದೆ, ಆದರೆ ಸರ್ವರ್ ಲಾಗ್‌ಗಳಲ್ಲಿ ಎಲ್ಲರೂ ರೌಟರ್‌ನ ಐಪಿಯಿಂದಲೇ ಬಂದಂತೆ ಕಾಣುತ್ತಾರೆ.

ಪರೀಕ್ಷೆಯಲ್ಲಿ ವಿಎಂ ಆಫ್ ಮಾಡಿ ನೋಡಿದರೆ ಸಾಲದು. ವಿಎಂ ಬದುಕಿದ್ದು ರೌಟಿಂಗ್ ಸೇವೆ ಮಾತ್ರ ಸತ್ತಾಗ ಏನಾಗುತ್ತದೆಂದು ನೋಡಿ. ಆರೋಗ್ಯ ತಪಾಸಣೆ ರೌಟರ್‌ನ ಇಂಟರ್ಫೇಸ್‌ಗೆ ಪಿಂಗ್ ಹೊಡೆದು ತೃಪ್ತಿಪಡುವಂಥದ್ದಾದರೆ ಅದು ಹಸಿರೇ ತೋರಿಸುತ್ತಿರುತ್ತದೆ. ತಪಾಸಣೆ ಟನಲ್ ದಾಟಿ ಆಚೆಯ ಯಂತ್ರವೊಂದನ್ನು ಮುಟ್ಟಬೇಕು.

ಬದಲಾವಣೆಯ ದಿನ

ಎಲ್ಲ ಸಬ್‌ನೆಟ್‌ಗಳನ್ನು ಒಂದೇ ರಾತ್ರಿ ತಿರುಗಿಸಬೇಡಿ. ಮುಖ್ಯವಲ್ಲದ ಒಂದು ಸಬ್‌ನೆಟ್‌ನ ರೌಟ್ ತಿರುಗಿಸಿ, ಬ್ಯಾಕಪ್ ಓಡುವ ರಾತ್ರಿಯೂ ತಿಂಗಳ ಕೊನೆಯ ಲೆಕ್ಕದ ದಿನವೂ ಅದರಲ್ಲಿ ಹಾದುಹೋಗಲಿ. ಹಳೇ ಗೇಟ್‌ವೇ ಅಲ್ಲಿಯವರೆಗೆ ಓಡುತ್ತಿರಲಿ. ನಿರ್ವಹಣೆಯ ಪೋರ್ಟ್‌ಗಳನ್ನು ಇಂಟರ್ನೆಟ್‌ಗೆ ತೆರೆಯಬೇಡಿ, ಸಂರಚನೆಯ ಪ್ರತಿ ರೌಟರ್‌ನ ಹೊರಗೆ ಇರಲಿ. ಬದಲಿಸಿದ ಪ್ರತಿ ರೌಟ್ ಸಾಲಿನ ಹಳೇ ರೂಪವನ್ನು ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ. ಹಿಂದಿರುಗಬೇಕಾದರೆ ಆ ಸಾಲನ್ನು ಮತ್ತೆ ಅಂಟಿಸಿದರೆ ಆಯಿತು.