ಪೆನ್‌ಡ್ರೈವ್ ಹಚ್ಚಿದರೂ ಕಾರಿನಲ್ಲಿ ಹಾಡು ಬಾರದಿದ್ದರೆ

“ಪೆನ್‌ಡ್ರೈವ್ ಹಚ್ಚಿದ್ರ ಹಾಡ ಬರವಲ್ದ್ರಿ, ಡೆಕ್ ಹೋಗ್ಯದೇನ್ರಿ?” ಕಲಬುರಗಿಯಲ್ಲಿ ಕಾರ್ ಆಡಿಯೊ ಅಂಗಡಿ ಮುಂದೆ ಗಾಡಿ ನಿಲ್ಲಿಸಿದವರು ಮೊದಲು ಕೇಳುವುದು ಇದನ್ನೇ. ಡೆಕ್, ಅಂದರೆ ಕಾರಿನ ಹಾಡಿನ ಸೆಟ್, ಹೋಗಿರಲೂಬಹುದು, ಆದರೆ ಅದರ ಮೇಲೆ ಅನುಮಾನ ಕೊನೆಗೆ ಬರಲಿ. ಪೆನ್‌ಡ್ರೈವ್, ಕೇಬಲ್, ಪೋರ್ಟ್, ಫ್ಯೂಸ್ ಇಷ್ಟನ್ನೂ ಮನೆಯಲ್ಲೇ ನೋಡಬಹುದು. ನೋಡದೆ ಹೊಸ ಸೆಟ್ ಕೂರಿಸಿದರೆ ದುಡ್ಡು ಹೋಗುತ್ತದೆ, ಕೆಟ್ಟ ಪೆನ್‌ಡ್ರೈವ್ ಹೊಸ ಸೆಟ್ಟಿನಲ್ಲೂ ಹಾಡುವುದಿಲ್ಲ.

ಮೊದಲು ಪರೀಕ್ಷೆಗೆಂದೇ ಒಂದು ಪೆನ್‌ಡ್ರೈವ್ ಮಾಡಿಟ್ಟುಕೊಳ್ಳಿ. 8 ಅಥವಾ 16 ಜಿಬಿ ಸಾಕು. ಕಂಪ್ಯೂಟರಿನಲ್ಲಿ ಫ್ಯಾಟ್32ಗೆ (ಪೆನ್‌ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ಪದ್ಧತಿ) ಫಾರ್ಮ್ಯಾಟ್ ಮಾಡಿ, ಫೋಲ್ಡರ್ ಇಲ್ಲದೆ ಒಂದೇ ಒಂದು ಎಂಪಿ3 ಹಾಡು ಹಾಕಿ. ಇದು ಹಾಡಿದರೆ ಸೆಟ್ಟೂ ಪೋರ್ಟೂ ಚೆನ್ನಾಗಿವೆ, ದೋಷ ನಿಮ್ಮ ಹಳೆಯ ಪೆನ್‌ಡ್ರೈವ್‌ನದು. ಹಾಡದಿದ್ದರೆ ಅದೇ ಪೋರ್ಟಿಗೆ ಫೋನ್ ಹಚ್ಚಿ ನೋಡಿ. ಚಾರ್ಜ್ ಕೂಡ ಆಗದಿದ್ದರೆ ಫ್ಯೂಸ್ ಕಡೆ ಹೋಗಿ. ಚಾರ್ಜ್ ಆಗಿಯೂ ಹಾಡು ಬಾರದಿದ್ದರೆ ತೊಂದರೆ ಡೇಟಾ ದಾರಿಯಲ್ಲಿದೆ. ಕೆಲವು ಗಾಡಿಗಳಲ್ಲಿ ಎರಡು ಯುಎಸ್‌ಬಿ ಇರುತ್ತವೆ, ಒಂದು ಬರೀ ಚಾರ್ಜಿಂಗಿಗೆ. ಅದಕ್ಕೂ ಸೆಟ್ಟಿಗೂ ಸಂಬಂಧವೇ ಇರುವುದಿಲ್ಲ.

ಹೊಸದಾಗಿ ಕೊಂಡ 64 ಜಿಬಿ ಪೆನ್‌ಡ್ರೈವ್ ಎಷ್ಟೋ ಸಲ ಎಕ್ಸ್‌ಫ್ಯಾಟ್ ಎಂಬ ಬೇರೆ ಪದ್ಧತಿಯಲ್ಲಿ ಬರುತ್ತದೆ. ಬಹಳಷ್ಟು ಸೆಟ್‌ಗಳು ಅದನ್ನು ಓದುವುದಿಲ್ಲ, ಎನ್‌ಟಿಎಫ್‌ಎಸ್ ಎಂಬ ಇನ್ನೊಂದು ಪದ್ಧತಿಯನ್ನೂ ಓದುವುದಿಲ್ಲ. ಹಾಡಿಗೆ 32 ಜಿಬಿ ಧಾರಾಳ. ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಮತ್ತೆ ತುಂಬಿ. ಕಂಪ್ಯೂಟರಿನಿಂದ ತೆಗೆಯುವಾಗ ಇಜೆಕ್ಟ್ ಒತ್ತಿಯೇ ತೆಗೆಯಿರಿ, ಕಿತ್ತರೆ ಫೈಲ್ ಅರ್ಧಕ್ಕೆ ನಿಂತು ಸೆಟ್ ಆ ಹಾಡಿನ ಹತ್ತಿರ ತಡೆದು ನಿಲ್ಲುತ್ತದೆ. ಫೋನಿನಿಂದ ಬಂದ ಆಡಿಯೊ ಎಷ್ಟೋ ಸಲ ಎಂಪಿ3 ಅಲ್ಲ. ಹೆಸರಿನ ಕೊನೆಗೆ ಎಂಪಿ3 ಎಂದು ಬರೆದ ಮಾತ್ರಕ್ಕೆ ಅದು ಎಂಪಿ3 ಆಗುವುದಿಲ್ಲ, ಕನ್ವರ್ಟ್ ಮಾಡಲೇಬೇಕು. ಕನ್ನಡದಲ್ಲಿ ಹೆಸರಿಟ್ಟ ಹಾಡು ಹಳೆಯ ಸೆಟ್ಟಿನಲ್ಲಿ ಚೌಕ ಚೌಕವಾಗಿ ಕಾಣುತ್ತದೆ. ಅದು ಕೆಟ್ಟಿದ್ದಲ್ಲ, ಆ ಸೆಟ್ಟಿನಲ್ಲಿ ಕನ್ನಡ ಅಕ್ಷರ ಇಲ್ಲ ಅಷ್ಟೇ.

ಇನ್ನೊಂದು ಮಾತು, ಪ್ರವಚನ ಕೇಳುವವರಿಗೆ. ಮೂರನೆಯ ಭಾಗ ಮೊದಲು ಬಂದು ಒಂದನೆಯದು ಆಮೇಲೆ ಬರುತ್ತಿದ್ದರೆ ಗಾಬರಿ ಬೇಡ. ಅನೇಕ ಸೆಟ್‌ಗಳು ಹೆಸರು ನೋಡುವುದಿಲ್ಲ, ಕಾಪಿ ಆದ ಕ್ರಮದಲ್ಲೇ ಹಾಡುತ್ತವೆ. ಖಾಲಿ ಮಾಡಿದ ಪೆನ್‌ಡ್ರೈವ್‌ಗೆ 01, 02 ಎಂದು ಒಂದೊಂದಾಗಿ ಹಾಕಿ.

ನಮ್ಮ ಕಡೆ ಪೋರ್ಟಿಗೆ ದೊಡ್ಡ ಶತ್ರು ಧೂಳು. ಬೀದರಿನ ಕೆಂಪು ಮಣ್ಣು, ಸೇಡಂ ಚಿತ್ತಾಪುರ ದಾರಿಯ ಸಿಮೆಂಟ್ ಧೂಳು, ಯಾದಗಿರಿಯ ಹೊಲದ ದಾರಿಗಳ ಕರಿಮಣ್ಣು, ಎಲ್ಲ ಒಳಗೆ ಸೇರುತ್ತವೆ. ಟಾರ್ಚ್ ಬಿಟ್ಟು ಪೋರ್ಟಿನೊಳಗೆ ನೋಡಿ. ಚಪ್ಪಟೆ ನಾಲಿಗೆಯ ಮೇಲೆ ನಾಲ್ಕು ಹಳದಿ ಪಟ್ಟಿಗಳು ಕಾಣುತ್ತವೆ. ಅಂಚಿನ ಎರಡು ಕರೆಂಟಿಗೆ, ನಡುವಿನ ಎರಡು ಡೇಟಾಕ್ಕೆ. ನಡುವಿನವು ಮುಚ್ಚಿಕೊಂಡರೆ ಫೋನ್ ಚಾರ್ಜ್ ಆಗುತ್ತದೆ, ಹಾಡು ಬರುವುದಿಲ್ಲ. ಕೀಲಿ ತೆಗೆದು, ಒಣ ಬ್ರಷ್‌ನಿಂದ ಮೆಲ್ಲಗೆ ಜಾಡಿಸಿ. ಜಿಡ್ಡಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ಹಚ್ಚಿ ಒರೆಸಿ, ಹತ್ತು ನಿಮಿಷ ಒಣಗಲು ಬಿಡಿ. ಪಿನ್ನು, ಸೂಜಿ ಹಾಕಲೇಬೇಡಿ. ಎರಡು ಪಟ್ಟಿಗೆ ಒಟ್ಟಿಗೆ ತಾಗಿದರೆ ಶಾರ್ಟ್. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟಿದಾಗ ಗಾಜು ಏರಿಸಿದ ಗಾಡಿಯೊಳಗೆ ಇನ್ನೂ ಎಷ್ಟೋ ಹೆಚ್ಚು ಕಾಯುತ್ತದೆ. ಇಳಿಯುವಾಗ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಳ್ಳಿ.

ಆಂಡ್ರಾಯ್ಡ್ ಆಟೊ (ಫೋನಿನ ಹಾಡು, ಮ್ಯಾಪ್ ಕಾರಿನ ಪರದೆಯ ಮೇಲೆ ತೋರಿಸುವುದು) ಬಾರದಿದ್ದರೆ ಕೇಬಲ್ ಬದಲಿಸಿ ನೋಡಿ. ಅಗ್ಗದ ಕೇಬಲ್ ಕೆಲವದರಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಒಂದು ಮೀಟರ್ ಒಳಗಿನ ಕೇಬಲ್ ತೊಗೊಳ್ಳಿ.

ಸೆಟ್ಟೇ ಸತ್ತಂತಿದ್ದರೆ ಫ್ಯೂಸ್. ಫ್ಯೂಸ್ ಬಾಕ್ಸ್ ಮುಚ್ಚಳದ ಮೇಲೆ ಆಡಿಯೊ ಅಥವಾ ಎಸಿಸಿ (ಆಕ್ಸೆಸರಿ) ಎಂದು ಬರೆದದ್ದನ್ನು ಹುಡುಕಿ. ಕೆಂಪು 10 ಆಂಪಿಯರ್, ನೀಲಿ 15. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ಮತ್ತೆ ಸುಟ್ಟರೆ ವೈರ್ ಎಲ್ಲೋ ತಾಗುತ್ತಿದೆ. ಆಗ ದೊಡ್ಡ ಫ್ಯೂಸ್ ಹಾಕಿದರೆ ವೈರಿಗೇ ಬೆಂಕಿ. ಹೊರಗಿನಿಂದ ಹಾಕಿಸಿದ ಸೆಟ್ಟಿನ ಹಿಂದೆ ಇನ್ನೊಂದು ಫ್ಯೂಸ್ ಇರುತ್ತದೆ. ಅಲ್ಲಿ ಹಳದಿ ವೈರ್ ಸದಾ 12 ವೋಲ್ಟ್, ಕೆಂಪು ಕೀಲಿ ತಿರುಗಿಸಿದಾಗ, ಕಪ್ಪು ಅರ್ಥಿಂಗ್. ಪ್ರತಿ ಸಲ ಗಡಿಯಾರ, ಸ್ಟೇಷನ್ ಮರೆತುಹೋಗುತ್ತಿದ್ದರೆ ಹಳದಿಗೆ ಕರೆಂಟ್ ಬರುತ್ತಿಲ್ಲ, ಇಲ್ಲವೆ ಹಳದಿ ಕೆಂಪು ಅದಲುಬದಲಾಗಿವೆ. ಸೆಟ್ ಎಳೆಯುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, 10ರ ಸ್ಪ್ಯಾನರ್ ಸಾಮಾನ್ಯವಾಗಿ ಹಿಡಿಯುತ್ತದೆ. ಕೆಲವು ಕಂಪನಿ ಸೆಟ್ ಆಮೇಲೆ ಕೋಡ್ ಕೇಳುತ್ತವೆ, ಅದನ್ನು ಮೊದಲೇ ಹುಡುಕಿಟ್ಟಿರಿ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದು.

ಒಂದೇ ಸ್ಪೀಕರ್ ಸುಮ್ಮನಿದ್ದರೆ ಸೆಟ್ಟಿನಲ್ಲಿ ಬ್ಯಾಲೆನ್ಸ್ (ಎಡ ಬಲ), ಫೇಡರ್ (ಮುಂದೆ ಹಿಂದೆ) ನಡುವಿಗಿವೆಯೇ ನೋಡಿ. ಆಮೇಲೆ ಅದರ ವೈರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. 4 ಓಮ್ ಸ್ಪೀಕರ್ 3ರಿಂದ 4ರ ನಡುವೆ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಹರಿದಿದೆ. ಸ್ಪೀಕರ್ ಸರಿಯಿದ್ದರೆ ಬಾಗಿಲ ಸಂದಿನ ರಬ್ಬರ್ ಕೊಳವೆ ಬಿಡಿಸಿ ನೋಡಿ, ದಿನಾ ಬಾಗಿಲು ತೆಗೆದು ಮುಚ್ಚಿ ವೈರ್ ತುಂಡಾಗುವುದು ಅಲ್ಲೇ.

ಆಕ್ಸಿಲರೇಟರ್ ಒತ್ತಿದಂತೆ ಕುಂಯ್ ಎನ್ನುವ ಸದ್ದು ಏರುತ್ತಿದ್ದರೆ ಫೋನ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಚಾರ್ಜರ್ ಬದಲಿಸಿ. ನಿಲ್ಲದಿದ್ದರೆ ಅರ್ಥಿಂಗ್ ವೈರನ್ನು ಪೇಂಟ್ ಕೆರೆದ ಬರಿ ಲೋಹಕ್ಕೆ ಬಿಗಿಯಾಗಿ ಕೂರಿಸಿ. ಆಂಪ್ಲಿಫೈಯರ್ ಇದ್ದರೆ ಅದರ ಪವರ್ ವೈರ್ ಗಾಡಿಯ ಒಂದು ಬದಿಗೆ, ಆಡಿಯೊ ಕೇಬಲ್ ಇನ್ನೊಂದು ಬದಿಗೆ ಹೋಗಲಿ.